ಸಂದರ್ಶನಕ್ಕೆ ಗೈರುಹಾಜರು

ಆಂಧ್ರದ ಕಲ್ಯಾಣದುರ್ಗದ ಬಸ್ ಸ್ಟ್ಯಾಂಡಿನಿಂದ ನಾಲ್ಕು ಹೆಜ್ಜೆ ನಡೆದರೆ ಮರುಳಪ್ಪನ ಹಿಂಡಿ-ಬೂಸಾ ಅಂಗಡಿ. ದನ ಕಟ್ಟಿದವರೆಲ್ಲ ಅಲ್ಲಿಗೆ ಬರಲೇಬೇಕು. ಆ ವರ್ಷ ಜೂನ್ ತಿಂಗಳಲ್ಲಿ ಬಂದವರು ಮೂಟೆ ಎತ್ತಿಸಿಕೊಳ್ಳುವ ಮೊದಲು ಮರುಳಪ್ಪನ ಕೈ ಕುಲುಕುತ್ತಿದ್ದರು. ಅವನ ಒಬ್ಬಳೇ ಮಗಳು ಸ್ಪಂದನ ಇಂಟರ್, ಅಂದರೆ ಪಿಯುಸಿ, ಪರೀಕ್ಷೆಯಲ್ಲಿ ಸಾವಿರಕ್ಕೆ ಒಂಬೈನೂರ ಎಂಬತ್ತೇಳು ತೆಗೆದಿದ್ದಳು. ಹಿಂದೂಪುರದಲ್ಲಿ ಅವಳು ಹಾಸ್ಟೆಲಿನಲ್ಲಿದ್ದು ಓದಿದ ಕಾಲೇಜಿನವರು ಅವಳ ಫೋಟೋ ಹಾಕಿ ಕರಪತ್ರ ಅಚ್ಚು ಮಾಡಿಸಿ, ಗೋರಂಟ್ಲದಿಂದ ಕಲ್ಯಾಣದುರ್ಗದವರೆಗೆ ಹಂಚಿಸಿದ್ದರು. ಎರಡು ಜಡೆ, ಹಣೆಯಲ್ಲಿ ವಿಭೂತಿ, ನಗದ ಮುಖ. ಆ ಮುಖದ ಹುಡುಗಿ ಮಾತ್ರ ಅಂಗಡಿಯ ಹಿಂದಿನ ಕೋಣೆಯಲ್ಲಿ ಗೋಡೆ ಕಡೆ ತಿರುಗಿ ಮಲಗಿರುತ್ತಿದ್ದಳು.

ಅವಳಿಗೆ ಬೇಕಾಗಿದ್ದು ಆ ಅಂಕಗಳಲ್ಲ. ಹೈದರಾಬಾದಿನ ಹೊರಗೆ ಗಣಿತವನ್ನೇ ಕಲಿಸುವ ಒಂದು ವಿಶ್ವವಿದ್ಯಾಲಯವಿತ್ತು. ದೇಶಕ್ಕೆಲ್ಲ ಸೇರಿ ವರ್ಷಕ್ಕೆ ನಲವತ್ತು ಸೀಟು. ಮೊದಲು ಲಿಖಿತ ಪರೀಕ್ಷೆ, ಅದರಲ್ಲಿ ಹನ್ನೆರಡೇ ಲೆಕ್ಕ, ಆರು ಗಂಟೆ ಕಾಲ. ಅದರಲ್ಲಿ ಮುಂದೆ ಬಂದ ನೂರಿಪ್ಪತ್ತು ಜನರನ್ನು ಮೇ ತಿಂಗಳಲ್ಲಿ ಸಂದರ್ಶನಕ್ಕೆ ಕರೆಯುತ್ತಿದ್ದರು. ಕಾಲೇಜಿನಲ್ಲಿ ಗಣಿತ ಹೇಳುತ್ತಿದ್ದ ಕೇಶವಯ್ಯ ಮೇಷ್ಟ್ರು ಒಂದು ದಿನ ಕ್ಲಾಸು ಮುಗಿದ ಮೇಲೆ ಅವಳನ್ನು ನಿಲ್ಲಿಸಿ, “ಇಲ್ಲಿ ಓದೋ ಮುನ್ನೂರು ಜನದಲ್ಲಿ ಆ ಜಾಗಕ್ಕೆ ಛಾನ್ಸ್ ಇರೋದು ನಿನಗೊಬ್ಬಳಿಗೆ ಕಣಮ್ಮ” ಎಂದಿದ್ದರು. ಅಂದಿನಿಂದ ಅವಳಿಗೆ ಬೇರೆ ಯೋಚನೆ ಇರಲಿಲ್ಲ. ಅರ್ಜಿಯನ್ನು ಕಾಲೇಜಿನ ಆಫೀಸಿನಲ್ಲೇ ಭರ್ತಿ ಮಾಡಿದರು. ಹಾಸ್ಟೆಲಿನಲ್ಲಿ ಫೋನ್ ಇಟ್ಟುಕೊಳ್ಳುವಂತಿರಲಿಲ್ಲ, ಆದ್ದರಿಂದ ಎಲ್ಲ ಮಕ್ಕಳ ಅರ್ಜಿಗೂ ಆಫೀಸಿನ ಫೋನ್ ನಂಬರೇ. ಆ ಫೋನು ಗುಮಾಸ್ತ ಪೋತಪ್ಪನ ಜೇಬಿನಲ್ಲಿರುತ್ತಿತ್ತು.

ಪರೀಕ್ಷೆ ಬರೆದು ಬಂದಾಗ ಹನ್ನೆರಡರಲ್ಲಿ ಹತ್ತು ಲೆಕ್ಕ ಸರಿ ಎಂಬ ಧೈರ್ಯ ಅವಳಿಗಿತ್ತು. ಏಪ್ರಿಲ್ ಕೊನೆಗೆ ಕಾಲೇಜಿನ ಮಾಲೀಕರಾದ ರಘುನಾಥ್ ಸಾರ್ ಅವಳನ್ನು ತಮ್ಮ ರೂಮಿಗೆ ಕರೆಸಿಕೊಂಡರು. ಎದುರಿನ ಕುರ್ಚಿಯಲ್ಲಿ ಕೂರಿಸಿ, ಮಜ್ಜಿಗೆ ತರಿಸಿ ಕೊಟ್ಟರು.

“ಆ ಯೂನಿವರ್ಸಿಟಿ ರಿಸಲ್ಟ್ ಬಂತು ಸ್ಪಂದನಮ್ಮ. ನಿನ್ನ ನಂಬರ್ ಇಲ್ಲ. ಮನಸ್ಸಿಗೆ ಹಚ್ಚಿಕೊಳ್ಳಬೇಡ. ಇಂಜಿನಿಯರಿಂಗ್ ಪರೀಕ್ಷೆಗೆ ಇನ್ನು ಇಪ್ಪತ್ತೈದು ದಿವಸ ಇದೆ. ಅದರ ಮೇಲೆ ಗಮನ ಇಡು.”

ಅವಳು ಲೋಟದ ಮಜ್ಜಿಗೆಯನ್ನು ಪೂರ್ತಿ ಕುಡಿದಳು. ದೊಡ್ಡವರು ಕೊಟ್ಟಿದ್ದನ್ನು ಉಳಿಸಬಾರದು ಎಂದು ಕುಡಿದಳು. ಸಾರ್ ಹೇಳಿದ್ದನ್ನು ನಂಬಿದಳು. ತನ್ನ ಬುದ್ಧಿಯ ಬಗ್ಗೆ ಇದ್ದ ಧೈರ್ಯವೆಲ್ಲ ಅಲ್ಲೇ ಕುಸಿಯಿತು. ಮೇ ಕೊನೆಗೆ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಕೂತಾಗ ಗೊತ್ತಿದ್ದ ಲೆಕ್ಕವೂ ಕೈಗೆ ಹತ್ತಲಿಲ್ಲ. ಅದರ ರ್‍ಯಾಂಕ್ ಯಾರಿಗೂ ಹೇಳಿಕೊಳ್ಳುವಂತಿರಲಿಲ್ಲ. ಊರಿಗೆ ಬಂದು ಮಲಗಿಬಿಟ್ಟಳು.

ಜೂನ್ ಮೂರನೇ ವಾರ ಅವಳಿಗೆ ಒಂದು ಹಟ ಹುಟ್ಟಿತು. ಹತ್ತು ಲೆಕ್ಕ ಮಾಡಿಯೂ ಎಲ್ಲಿ ತಪ್ಪಿದೆ ಎಂಬುದನ್ನಾದರೂ ನೋಡಬೇಕು. ಹತ್ತಿರದಲ್ಲೇ ಜಯಚಂದ್ರ ಎಂಬವನ ನೆಟ್ ಸೆಂಟರ್ ಇತ್ತು. ಅಲ್ಲಿಗೆ ಹೋಗಿ ವಿಶ್ವವಿದ್ಯಾಲಯದ ಪುಟ ತೆರೆಸಿದಳು. ಪಾಸ್‌ವರ್ಡ್ ಗೊತ್ತಿಲ್ಲ. ಹೊಸದು ಬೇಕೆಂದರೆ ಆಫೀಸಿನ ಫೋನಿಗೆ ಓಟಿಪಿ ಹೋಗುತ್ತದೆ. ಪೋತಪ್ಪನಿಗೆ ಫೋನ್ ಮಾಡಿದಳು. ಅವನು ಬಾಯಲ್ಲಿ ಏನೋ ಅಗಿಯುತ್ತ, ಯಾವುದಕ್ಕೆ ಎಂದೂ ಕೇಳದೆ ಆರು ಅಂಕಿ ಓದಿ ಹೇಳಿದ.

ಪುಟ ತೆರೆಯಿತು. ಲಿಖಿತ ಪರೀಕ್ಷೆ, ಅಖಿಲ ಭಾರತ ಕ್ರಮಾಂಕ: ಒಂಬತ್ತು. ಸಂದರ್ಶನ: ಗೈರುಹಾಜರು. ಪ್ರವೇಶ: ಇಲ್ಲ.

ಸ್ಪಂದನ ಆ ಮೂರು ಸಾಲನ್ನು ಎಷ್ಟು ಹೊತ್ತು ನೋಡಿದಳೋ, ಹಿಂದೆ ಪಹಣಿ ತೆಗೆಸಲು ನಿಂತಿದ್ದ ರೈತನೊಬ್ಬ ಕೆಮ್ಮಿದ. ಜಯಚಂದ್ರ ಬಗ್ಗಿ ನೋಡಿ, “ಒಂಬತ್ತಾ? ಇಡೀ ಇಂಡಿಯಾಕ್ಕಾ? ಮತ್ತೆ ಯಾಕಮ್ಮ ಹೋಗ್ಲಿಲ್ಲ?” ಎಂದ.

“ಎರಡು ಪ್ರಿಂಟ್ ತೆಗೆದುಕೊಡಣ್ಣ” ಎಂದಳು ಸ್ಪಂದನ.

ಮನೆಗೆ ಬಂದು ಅಮ್ಮ ಭ್ರಮರಾಂಬಳ ಮುಂದೆ ಕಾಗದ ಇಟ್ಟು ಓದಿ ಹೇಳಿದಳು. ಭ್ರಮರಾಂಬ ರೊಟ್ಟಿ ತಟ್ಟುತ್ತಿದ್ದ ಕೈ ನಿಲ್ಲಿಸಿದಳು. ಅಳಲಿಲ್ಲ, ಶಾಪ ಹಾಕಲಿಲ್ಲ. ಒಲೆ ಆರಿಸಿ, ಕೈ ತೊಳೆದುಕೊಂಡು ಬಂದು, “ಮಜ್ಜಿಗೆ ಕೊಟ್ಟು ಸುಳ್ಳು ಹೇಳಿದ್ನಾ?” ಎಂದು ಕೇಳಿದಳು.

“ಹೂಂ.”

“ನಾಳೆ ಅಪ್ಪನ್ನ ಕರ್ಕಂಡು ಹೋಗು. ಅವನ ಬಾಯಲ್ಲಿ ಏನು ಬತ್ತದೆ ಅಂತ ಒಂದು ಸಲ ಕೇಳ್ಕಂಡು ಬಾ. ಆಮೇಲೆ ನೋಡನ.”

ಬೆಳಗಿನ ಬಸ್ಸಿಗೆ ಅಪ್ಪ ಮಗಳು ಹಿಂದೂಪುರಕ್ಕೆ ಹೋದರು. ರಘುನಾಥ್ ನಗುನಗುತ್ತಲೇ ಕೂರಲು ಹೇಳಿದ. “ಬನ್ನಿ, ಬನ್ನಿ ಮರುಳಪ್ಪಗಾರು, ನಿಮ್ಮ ಮಗಳಿಂದ ನಮ್ಮ ಕಾಲೇಜಿಗೆ ಹೆಸರು ಬಂತು” ಎಂದ. ಮರುಳಪ್ಪ ಕೂರಲಿಲ್ಲ. ಮೂವತ್ತು ವರ್ಷ ಮೂಟೆ ಹೊತ್ತ ಭುಜ ಬಗ್ಗಿಸಿಕೊಂಡು ನಿಂತೇ ಮಾತಾಡಿದ.

“ನಾವು ಜಗಳಕ್ಕೆ ಬಂದಿಲ್ಲ ಸಾರ್. ಏನಾಯ್ತು ಅಂತ ತಿಳ್ಕಂಡು ಹೋಗನ ಅಂತ ಬಂದ್ವಿ.”

ರಘುನಾಥ್ ಕಾಗದ ಓದಿ ಮೇಜಿನ ಮೇಲೆ ಮಗುಚಿಟ್ಟ. “ಮೆಸೇಜು ಬಂದಿದ್ದರೂ ಬಂದಿರಬಹುದು. ದಿನಕ್ಕೆ ನೂರಾರು ಬರ್ತವೆ ಆ ಫೋನಿಗೆ.”

“ನೀವೇ ಕರೆಸಿ ಹೇಳಿದ್ರಿ ಸಾರ್, ನಂಬರ್ ಇಲ್ಲ ಅಂತ” ಎಂದಳು ಸ್ಪಂದನ.

ರಘುನಾಥ್ ಕನ್ನಡಕ ತೆಗೆದು ಒರೆಸಿಕೊಂಡ. ಮಾತಾಡಿದ್ದು ಅವಳ ಹತ್ತಿರವಲ್ಲ, ಮರುಳಪ್ಪನ ಹತ್ತಿರ.

“ನಿಮಗೆ ಬಿಡಿಸಿ ಹೇಳ್ತೀನಿ ಕೇಳಿ. ಸಂದರ್ಶನ ನಾಲ್ಕು ದಿವಸ. ಅದೇ ವಾರ ನಮ್ಮ ಇಂಜಿನಿಯರಿಂಗ್ ಮಕ್ಕಳಿಗೆ ಕೊನೇ ತಯಾರಿ. ಇವಳನ್ನ ಕಳಿಸಿದ್ದರೆ ಎರಡೂ ಹೋಗ್ತಿತ್ತು. ಅಲ್ಲಿ ಕೂತಿರೋರು ಡೆಲ್ಲಿ ಬಾಂಬೆ ಮಕ್ಕಳನ್ನ ನೋಡಿ ರೂಢಿ ಆದೋರು. ಹಿಂಡಿ ಅಂಗಡಿಯಿಂದ ಹೋದ ಹುಡುಗಿ, ಅರ್ಧ ಕನ್ನಡ, ಅರ್ಧ ತೆಲುಗು, ಇಂಗ್ಲಿಷಲ್ಲಿ ಎರಡು ಮಾತು ಆಡೋಷ್ಟರಲ್ಲಿ ಬೆವರ್ತಾಳೆ. ಏನು ಛಾನ್ಸ್ ಇತ್ತು ಹೇಳಿ ಇವಳಿಗೆ? ಅಳ್ತಾ ವಾಪಸ್ ಬರ್ತಿದ್ದಳು. ಒಬ್ಬ ತಂದೆ ಥರ ಯೋಚನೆ ಮಾಡಿ ಹಾಗೆ ಮಾಡಿದೆ. ಇನ್ನೊಂದು ವರ್ಷ ನಮ್ಮಲ್ಲೇ ಇರಲಿ, ಇಂಜಿನಿಯರಿಂಗ್ ರ್‍ಯಾಂಕ್ ತೆಗೆಸಿಕೊಡೋ ಜವಾಬ್ದಾರಿ ನಂದು.”

ಮರುಳಪ್ಪ ಮಗಳ ಮುಖ ನೋಡಿದ. ಆಮೇಲೆ ಎರಡೂ ಕೈ ಜೋಡಿಸಿ, “ಆಯ್ತು ಸಾರ್, ಯೋಚ್ನೆ ಮಾಡ್ತೀವಿ, ಬತ್ತೀವಿ” ಎಂದ.

ಸಂದರ್ಶನ ತಪ್ಪಿದ್ದನ್ನು ಸ್ಪಂದನ ಒಂದು ದಿನ ಮರೆಯುತ್ತಿದ್ದಳೋ ಏನೋ. ಅಪ್ಪ ಆ ಮನುಷ್ಯನಿಗೆ ಕೈ ಮುಗಿದದ್ದನ್ನು ಮರೆಯಲು ಅವಳಿಂದ ಆಗಲಿಲ್ಲ. ಆಮೇಲೆ ಅವಳ ಬಾಯಲ್ಲಿ ಆ ಹೆಸರಿನ ಜತೆ ‘ಸಾರ್’ ಬರಲಿಲ್ಲ.

ಬಸ್ ಸ್ಟ್ಯಾಂಡಿನಲ್ಲಿ ಪೋತಪ್ಪ ಓಡುತ್ತ ಬಂದ. ಐವತ್ತು ದಾಟಿದ ಮನುಷ್ಯ, ಹದಿನಾಲ್ಕು ವರ್ಷದಿಂದ ಆ ಆಫೀಸಿನಲ್ಲಿದ್ದ. ಮುತ್ತಿನಂಥ ಅಕ್ಷರ ಅವನದು, ಕಾಲೇಜಿನ ಸರ್ಟಿಫಿಕೇಟುಗಳ ಮೇಲೆ ಹೆಸರು ಬರೆಯುತ್ತಿದ್ದವನು ಅವನೇ. ಮರುಳಪ್ಪ ನೀರು ಕುಡಿಯಲು ಹೋಗಿದ್ದ. ಪೋತಪ್ಪ ಸ್ಪಂದನಳ ಪಕ್ಕ ಕೂತು ಏದುಸಿರು ಬಿಟ್ಟ.

“ಮೆಸೇಜು ಬಂದ ದಿನವೇ ನಾನು ಸಾರ್‌ಗೆ ತೋರಿಸ್ದೆ ಕಣಮ್ಮ. ಹುಡುಗೀಗೆ ಹೇಳ್ಬೇಡ, ನಾನು ನೋಡ್ಕಂತೀನಿ ಅಂದ್ರು. ಸುಮ್ನಾಗ್ಬುಟ್ಟೆ. ಅವತ್ತಿಂದ ಅನ್ನ ಸೇರ್ತಿಲ್ಲ.”

“ಅದನ್ನೇ ಬರೆದುಕೊಡ್ರಿ ಪೋತಪ್ಪಣ್ಣ.”

ಪೋತಪ್ಪ ಅವಳನ್ನೇ ನೋಡಿದ. ಅವಳು ಕೈಯಲ್ಲಿದ್ದ ಇನ್ನೊಂದು ಪ್ರಿಂಟನ್ನು ತಿರುಗಿಸಿ, ಪೆನ್ನು ಹಿಡಿದು ಕಾಯುತ್ತಿದ್ದಳು. ಅವನು ತೊಡೆಯ ಮೇಲೆ ಚೀಲವಿಟ್ಟುಕೊಂಡು, ಅದರ ಮೇಲೆ ಕಾಗದವಿಟ್ಟು, ಅದೇ ಚೆಂದದ ಅಕ್ಷರದಲ್ಲಿ ಐದು ಸಾಲು ಬರೆದು ಸಹಿ ಹಾಕಿದ.

“ನಾನು ಅಲ್ಲಿ ಕೆಲಸದಲ್ಲಿರೋತನಕ ಇದನ್ನ ಯಾರಿಗೂ ತೋರಿಸ್ಬಾರ್ದು. ಮನೇಲಿ ಮೂರು ಜನ ನನ್ನ ನಂಬ್ಕಂಡವ್ರೆ. ಭಾಷೆ ಕೊಡಮ್ಮ.”

ಸ್ಪಂದನ ಅವನ ಅಂಗೈ ಮೇಲೆ ಕೈಯಿಟ್ಟು ಭಾಷೆ ಕೊಟ್ಟಳು.

ವಿಶ್ವವಿದ್ಯಾಲಯಕ್ಕೆ ಅವಳು ಬರೆದ ಪತ್ರಕ್ಕೆ ವಾರದಲ್ಲಿ ಉತ್ತರ ಬಂತು. ಮುಗಿದ ವರ್ಷದ ಪ್ರವೇಶವನ್ನು ಮತ್ತೆ ತೆರೆಯಲಾಗದು. ಒಬ್ಬರಿಗೆ ಎರಡು ಸಲ ಮಾತ್ರ ಅವಕಾಶ, ಮುಂದಿನ ವರ್ಷ ಮತ್ತೆ ಬರೆಯಬಹುದು. ಅಂದರೆ ಉಳಿದದ್ದು ಒಂದೇ ಸಲ.

ಒಂದು ವರ್ಷ ಕೈಯಲ್ಲಿತ್ತು. ಬೇರೆ ಯಾರಾದರೂ ಆಗಿದ್ದರೆ ಪುಸ್ತಕ ಹಿಡಿದು ಕೂರುತ್ತಿದ್ದರು. ಸ್ಪಂದನ ಒಂದು ನೋಟ್‌ಬುಕ್ ತೆಗೆದು ಮೊದಲ ಹಾಳೆಯಲ್ಲಿ ಹಳ್ಳಿಗಳ ಹೆಸರು ಬರೆಯತೊಡಗಿದಳು. ರಘುನಾಥನ ಕಾಲೇಜು ನಿಂತಿದ್ದೇ ಮೂವತ್ತು ನಲವತ್ತು ಮಕ್ಕಳ ಮೇಲೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹತ್ತನೇ ಕ್ಲಾಸಿನಲ್ಲಿ ಮುಂದೆ ಬಂದ ಹಳ್ಳಿ ಮಕ್ಕಳನ್ನು ಹುಡುಕಿಕೊಂಡು ಹೋಗಿ, ಸ್ವೀಟು ಬಾಕ್ಸ್ ಕೊಟ್ಟು, ಫೀಸು ಬೇಡ ಎಂದು ಸೇರಿಸಿಕೊಳ್ಳುತ್ತಿದ್ದ. ಆ ಮಕ್ಕಳ ಫೋಟೋ ನೋಡಿ ಉಳಿದ ಇನ್ನೂರೈವತ್ತು ಜನ ಫೀಸು ಕಟ್ಟಿ ಸೇರುತ್ತಿದ್ದರು. ಅವಳನ್ನೂ ಹಾಗೇ ಸೇರಿಸಿಕೊಂಡಿದ್ದ. ಆ ಮಕ್ಕಳು ಸಿಗದಿದ್ದರೆ ಆ ಕಾಲೇಜಿನಲ್ಲಿ ಗೋಡೆ ಬೆಂಚು ಬಿಟ್ಟು ಬೇರೇನೂ ಇರುವುದಿಲ್ಲ.

“ಅವನು ಹೋಗೋ ಪ್ರತಿ ಮನೆಗೂ ನಾನು ಅವನಿಗಿಂತ ಮುಂಚೆ ಹೋಗ್ಬೇಕು” ಎಂದಳು.

ಮರುಳಪ್ಪ ಬೇಡವೆಂದ. “ಹೋಗಿದ್ದು ಹೋಯ್ತು, ಓದ್ಕೋ ತಾಯಿ. ದೊಡ್ಡೋರ ತಂಟೆ ನಮಗ್ಯಾಕೆ?”

ಭ್ರಮರಾಂಬ ಗಂಡನ ಕಡೆ ತಿರುಗಲೂ ಇಲ್ಲ. “ಮೊದಲು ಯಾವೂರು? ಜೀಪು ಎಷ್ಟೊತ್ತಿಗದೆ?” ಎಂದು ಮಗಳನ್ನು ಕೇಳಿದಳು.

ತಾಯಿ ಮಗಳು ಶೇರ್ ಜೀಪುಗಳಲ್ಲಿ ಕಡಲೆಕಾಯಿ ಮೂಟೆಗಳ ನಡುವೆ ಕೂತು ಹಳ್ಳಿ ಹಳ್ಳಿ ತಿರುಗಿದರು. ಯಾವ ಮನೆಗೆ ಹೋದರೂ ಪರಿಚಯ ಹೇಳಿಕೊಳ್ಳಬೇಕಾಗಿರಲಿಲ್ಲ. ಕರಪತ್ರದ ಹುಡುಗಿ ಬಂದಳೆಂದು ಹೆಂಗಸರು ಚಾಪೆ ಹಾಸುತ್ತಿದ್ದರು. ರಘುನಾಥನೇ ಅಚ್ಚು ಹಾಕಿಸಿ ಹಂಚಿದ ಮುಖ ಅವನ ವಿರುದ್ಧವೇ ಕೆಲಸಕ್ಕೆ ಬರುತ್ತಿರುವುದು ಸ್ಪಂದನಳಿಗೆ ಬೆಲ್ಲ ತಿಂದಷ್ಟು ಹಿತವಾಗಿತ್ತು. ಅವಳು ನಡೆದದ್ದನ್ನು ಹೇಳುತ್ತಿದ್ದಳು. ಮಕ್ಕಳ ಅರ್ಜಿಗೆ ನಿಮ್ಮ ಫೋನ್ ನಂಬರೇ ಹಾಕಿ, ಕಾಲೇಜಿನ ನಂಬರ್ ಹಾಕಬೇಡಿ ಎನ್ನುತ್ತಿದ್ದಳು. ಭ್ರಮರಾಂಬ ಪಕ್ಕದಲ್ಲಿ ಕೂತು, “ನಿಮ್ಮ ಮಗು ಕಣಮ್ಮ, ನೋಡಿ ಮಾಡ್ಕಳಿ” ಎಂದಷ್ಟೇ ಹೇಳುತ್ತಿದ್ದಳು. ಕೆಲವರು ನಂಬಿದರು. ಬಹಳ ಜನ ತಲೆಯಾಡಿಸಿ ಮಜ್ಜಿಗೆ ಕೊಟ್ಟು ಕಳಿಸಿದರು. ಸ್ಪಂದನ ಮಜ್ಜಿಗೆ ಮುಟ್ಟುತ್ತಿರಲಿಲ್ಲ.

ಗೋರಂಟ್ಲದ ಹತ್ತಿರದ ಹಳ್ಳಿಯೊಂದರಲ್ಲಿ ಆಂಜಿನಪ್ಪ ಎಂಬ ರೈತನ ಮಗಳು ಅನಿತಾ ಇದ್ದಳು. ರಘುನಾಥನ ಕಾಲೇಜಿನಲ್ಲೇ ಎರಡನೇ ವರ್ಷಕ್ಕೆ ಬಂದಿದ್ದವಳು. ಸ್ಪಂದನಳ ನಂತರ ಆ ಕಾಲೇಜಿನ ಆಸೆಯೆಲ್ಲ ಅವಳ ಮೇಲೆ. ಅವಳಿಗೂ ಗಣಿತದ ಹುಚ್ಚು. ರಜೆಗೆ ಮನೆಗೆ ಬಂದಿದ್ದ ಅವಳು ಬಾಗಿಲ ಹಿಂದೆ ನಿಂತು ಕೇಳುತ್ತಿದ್ದಳು.

ಆಂಜಿನಪ್ಪ ಎಲ್ಲವನ್ನೂ ಕೇಳಿ ಬೀಡಿ ಹಚ್ಚಿಕೊಂಡ. “ನೀನು ಹೇಳೋದೇನೋ ಹೇಳ್ತಿದೀಯ ಕಣಮ್ಮ. ನೀನೇ ಹೋಗ್ದೆ ಕೂತ್ಕಂಡು ಈಗ ಸಾರ್ ಮೇಲೆ ಹಾಕ್ತಿದೀಯ ಅಂತ ಕಾಲೇಜಿನೋರಂತಾರೆ. ನಾನು ಯಾರ ಮಾತು ನಂಬ್ಲಿ? ಗುರುತೇನದೆ?”

ಸ್ಪಂದನಳ ಚೀಲದಲ್ಲಿ ಪೋತಪ್ಪನ ಕಾಗದವಿತ್ತು. ಅದನ್ನು ತೋರಿಸದೆ ಹದಿನೇಳು ಮನೆ ತಿರುಗಿದ್ದಳು. ಈಗ ಎದ್ದು ಹೋದರೆ ಅನಿತಾ ಅಲ್ಲೇ ಉಳಿಯುತ್ತಾಳೆ, ಮುಂದಿನ ವರ್ಷ ಅವಳ ಫೋಟೋ ಅಚ್ಚಾಗುತ್ತದೆ, ರಘುನಾಥ್ ಇನ್ನೊಬ್ಬ ಅಪ್ಪನಿಗೆ ಕುರ್ಚಿ ತೋರಿಸುತ್ತಾನೆ. ಭ್ರಮರಾಂಬ ಮಗಳ ಕೈ ಚೀಲದ ಕಡೆ ಹೋದದ್ದನ್ನು ನೋಡಿದಳು. ಭಾಷೆ ಕೊಟ್ಟ ವಿಷಯ ಅವಳಿಗೂ ಗೊತ್ತಿತ್ತು. ಬೇಡ ಎನ್ನಲಿಲ್ಲ.

ಸ್ಪಂದನ ಕಾಗದ ತೆಗೆದು ಆಂಜಿನಪ್ಪನ ಕೈಗೆ ಕೊಟ್ಟಳು. ಅವನು ತಿರುಗಿಸಿ ತಿರುಗಿಸಿ ಓದಿದ. ಬೀಡಿ ಆರಿಹೋಯಿತು. “ಇದನ್ನ ಫೋನಲ್ಲಿ ಫೋಟೋ ಹೊಡ್ಕಂತೀನಿ” ಎಂದ. ಅವಳು ಅದಕ್ಕೂ ಬೇಡವೆನ್ನಲಿಲ್ಲ.

ಮೂರು ದಿನದಲ್ಲಿ ಆ ಐದು ಸಾಲು ಕಲ್ಯಾಣದುರ್ಗದಿಂದ ಹಿಂದೂಪುರದವರೆಗೆ ಎಲ್ಲರ ವಾಟ್ಸಾಪಿನಲ್ಲೂ ಓಡಾಡಿತು. ಐದನೇ ದಿನ ಸ್ಪಂದನಳಿಗೆ ಒಂದು ಫೋನ್ ಬಂತು. ಹೆಂಗಸಿನ ದನಿ.

“ನಾನು ಪೋತಪ್ಪನ ಮನೆಯೋಳು ಪೆದ್ದಕ್ಕ. ಇವತ್ತು ಇವರ್‍ನ ಕೆಲಸದಿಂದ ತೆಗೆದ್ರು. ಮೆಸೇಜು ಮುಚ್ಚಿಟ್ಟಿದ್ದು ಗುಮಾಸ್ತ, ನನಗೇನೂ ಗೊತ್ತಿಲ್ಲ ಅಂತ ಆ ಸಾರ್ ಎಲ್ರ ಮುಂದೆ ಹೇಳಿದ್ರಂತೆ. ಭಾಷೆ ಕೊಟ್ಟಿದ್ದೆಯಂತಲ್ಲಮ್ಮ ನೀನು?”

“ಕೊಟ್ಟಿದ್ದೆ” ಎಂದಳು ಸ್ಪಂದನ. ಆ ಕಡೆ ಪೆದ್ದಕ್ಕ ಫೋನ್ ಇಟ್ಟಳು. ಅಂದು ಸ್ಪಂದನ ಊಟ ಮಾಡಲಿಲ್ಲ. ಆದರೆ ಮಾರನೇ ದಿನ ಬೆಳಗ್ಗೆ ಏಳಕ್ಕೇ ಚೀಲ ಹೆಗಲಿಗೆ ಹಾಕಿಕೊಂಡು ಜೀಪಿನ ಹತ್ತಿರ ನಿಂತಿದ್ದಳು. ಅಂದು ಮೂರು ಮನೆ ನೋಡುವುದಿತ್ತು.

ಆ ವರ್ಷ ರಘುನಾಥನಿಗೆ ಹತ್ತನೇ ಕ್ಲಾಸಿನ ಮುಂದಿನ ಸಾಲಿನ ಮಕ್ಕಳಲ್ಲಿ ಸಿಕ್ಕಿದ್ದು ಮೂವರು. ಆಂಜಿನಪ್ಪ ಮಗಳನ್ನು ಬಿಡಿಸಿ ಸರ್ಕಾರಿ ಕಾಲೇಜಿಗೆ ಹಾಕಿದ. ಅವನನ್ನು ನೋಡಿ ಇನ್ನೂ ಎಂಟು ಮನೆಯವರು ಬಿಡಿಸಿದರು. ಉಳಿದವರು ಗುಂಪಾಗಿ ಹೋಗಿ ಅರ್ಜಿಗಳಲ್ಲಿ ತಮ್ಮ ನಂಬರ್ ಹಾಕಿಸಿಕೊಂಡು ಬಂದರು. ಸುದ್ದಿ ಬಂದಾಗಲೆಲ್ಲ ಸ್ಪಂದನ ನೋಟ್‌ಬುಕ್ಕಿನಲ್ಲಿ ಆ ಹೆಸರಿನ ಮೇಲೆ ಗೀಟು ಎಳೆಯುತ್ತಿದ್ದಳು. ಓದಲು ಕೂತರೂ ಮನಸ್ಸು ಆ ಗೀಟುಗಳ ಕಡೆಗೇ ಓಡುತ್ತಿತ್ತು. ಒಂದು ಲೆಕ್ಕ ಬಿಡಿಸುವ ಹೊತ್ತಿನಲ್ಲಿ ಮೂರು ಸಲ ಫೋನ್ ನೋಡುತ್ತಿದ್ದಳು. ಅನಿತಾ ದಿನಾ ಮಧ್ಯಾಹ್ನ ವಿಡಿಯೋ ಕಾಲ್ ಮಾಡಿ ಲೆಕ್ಕ ಕೇಳುತ್ತಿದ್ದಳು. ಹೇಳಿಕೊಡುತ್ತಿದ್ದಷ್ಟು ಹೊತ್ತು ಮಾತ್ರ ಸ್ಪಂದನಳಿಗೆ ಗಣಿತ ಹಳೆಯ ಗಣಿತವಾಗಿಯೇ ಕಾಣುತ್ತಿತ್ತು. ಒಂದು ದಿನ ಅನಿತಾ, “ಅಕ್ಕ, ಇದಕ್ಕೆ ಇನ್ನೂ ಸುಲಭದ ದಾರಿ ಅದೆ, ನೋಡಿ” ಎಂದು ಬಿಡಿಸಿ ತೋರಿಸಿದಳು. ಹಿಂದಿನ ವರ್ಷವಾಗಿದ್ದರೆ ಆ ದಾರಿ ತನಗೇ ಹೊಳೆಯುತ್ತಿತ್ತು ಎಂದು ಸ್ಪಂದನಳಿಗೆ ಗೊತ್ತಾಯಿತು. ಆದರೂ ನೋಟ್‌ಬುಕ್ ಬಿಡಲಿಲ್ಲ.

ಇಬ್ಬರೂ ಮಾರ್ಚಿನಲ್ಲಿ ಪರೀಕ್ಷೆ ಬರೆದರು. ಈ ಸಲ ಫಲಿತಾಂಶ ಅವರವರ ಫೋನಿಗೇ ಬಂತು. ಅನಿತಾ ಆರನೆಯವಳು. ಸ್ಪಂದನ ಮೂವತ್ತನಾಲ್ಕು. ಸೀಟು ನಲವತ್ತು. ಸಂದರ್ಶನದಲ್ಲಿ ಸ್ವಲ್ಪ ಎಡವಿದರೂ ಹೊರಗೆ.

ಹೈದರಾಬಾದಿಗೆ ಹೋಗುವಾಗ ರೈಲಿನಲ್ಲಿ ಅವಳು ಅಭ್ಯಾಸ ಮಾಡಿದ್ದು ಗಣಿತವಲ್ಲ. ಹಿಂದಿನ ವರ್ಷ ಯಾಕೆ ಬರಲಿಲ್ಲ ಎಂದು ಅವರು ಕೇಳಿಯೇ ಕೇಳುತ್ತಾರೆ. ಆಗ ಹೇಳಬೇಕಾದ ಹತ್ತು ಇಂಗ್ಲಿಷ್ ವಾಕ್ಯಗಳನ್ನು ಬಾಯಿಪಾಠ ಮಾಡಿಕೊಂಡಿದ್ದಳು. ರಘುನಾಥನ ಹೆಸರು ಮೂರನೇ ವಾಕ್ಯದಲ್ಲಿ ಬರುತ್ತಿತ್ತು.

ಐದು ಜನ ಕೂತಿದ್ದರು. ಕರಿಹಲಗೆಯ ಮುಂದೆ ನಿಲ್ಲಿಸಿ ಒಂದು ಲೆಕ್ಕ ಕೊಟ್ಟರು. ಅರ್ಧಕ್ಕೆ ಬಂದಾಗ ನಡುವೆ ಕೂತಿದ್ದ ನರೆಗೂದಲಿನ ಹೆಂಗಸು ಕಾಗದ ನೋಡುತ್ತ, ಹಿಂದಿನ ವರ್ಷ ಒಂಬತ್ತನೇ ಕ್ರಮಾಂಕವಿತ್ತಲ್ಲ, ಯಾಕೆ ಬರಲಿಲ್ಲ ಎಂದು ಕೇಳಿದರು. ಸ್ಪಂದನ ಶುರು ಮಾಡಿದಳು. ಎರಡನೇ ವಾಕ್ಯಕ್ಕೇ ದನಿ ಏರಿತು, ಇಂಗ್ಲಿಷ್ ಹೋಗಿ ತೆಲುಗು ಬಂತು. ರಘುನಾಥ್ ಹೇಳಿದಂತೆ ಬೆವರಿದ್ದಳು.

“ಸಾಕು ಮಗು, ಅರ್ಥವಾಯಿತು” ಎಂದರು ಆ ಹೆಂಗಸು ತೆಲುಗಿನಲ್ಲೇ. “ಅದು ಆಗಿ ಹೋಯಿತು. ಲೆಕ್ಕ ಮುಂದುವರಿಸು.”

ಮೂರನೇ ವಾಕ್ಯ ಬಾಯಲ್ಲೇ ಉಳಿಯಿತು. ಇಡೀ ವರ್ಷ ಹೊತ್ತು ತಂದದ್ದು ಇವರಿಗೆ ಅರ್ಧ ನಿಮಿಷದ ಮಾತು. ಸ್ಪಂದನ ಹಲಗೆ ಕಡೆ ತಿರುಗಿದಳು. ತನ್ನದೇ ಬರಹ ಕಣ್ಣಿಗೆ ಮಂಜಾಗಿ ಕಂಡಿತು. ದುಪಟ್ಟಾದಿಂದ ಮುಖ ಒರೆಸಿಕೊಂಡು ಮೊದಲ ಸಾಲಿನಿಂದ ಓದಿದಳು. ನಾಲ್ಕನೇ ಸಾಲಿನಲ್ಲಿ ಒಂದು ತಪ್ಪಿತ್ತು. ಅಳಿಸಿದಳು. ಅಲ್ಲಿಂದ ಮುಂದೆ ಸೀಮೆಸುಣ್ಣ ತಾನಾಗಿ ಓಡಿತು. ಅವರು ಇನ್ನೊಂದು ಲೆಕ್ಕ ಕೊಟ್ಟರು, ಆಮೇಲೆ ಮತ್ತೊಂದು. ಹೊರಗೆ ಬಂದಾಗ ಒಂದೂವರೆ ಗಂಟೆಯಾಗಿತ್ತು.

ಪಟ್ಟಿಯಲ್ಲಿ ಅವಳ ಹೆಸರು ಮೂವತ್ತೆಂಟನೆಯದು. ಅನಿತಾಳದು ನಾಲ್ಕನೆಯದು.

ರಘುನಾಥ್ ಅಂಗಡಿಗೆ ಬಂದದ್ದು ಜೂನ್ ಎರಡನೇ ವಾರ. ಆ ವರ್ಷ ಅವನ ಕಾಲೇಜಿಗೆ ಒಂದೂ ರ್‍ಯಾಂಕ್ ಬಂದಿರಲಿಲ್ಲ. ಹುಡುಗಿಯರ ಹಾಸ್ಟೆಲ್ ಮುಚ್ಚಿದ್ದ. ಕಾರನ್ನು ದೂರ ನಿಲ್ಲಿಸಿ ನಡೆದುಕೊಂಡು ಬಂದ. ಅಂಗಡಿಯಲ್ಲಿ ನಾಲ್ಕು ಜನ ಗಿರಾಕಿಗಳಿದ್ದರು. ಮರುಳಪ್ಪ ಗಾಬರಿಯಾಗಿ ಎದ್ದು ನಿಂತು, “ಬನ್ನಿ ಸಾರ್, ಕೂತ್ಕಳಿ. ಭ್ರಮರಾ, ಟೀ ಇಡು” ಎಂದ. ಒಳಗಿನಿಂದ ಭ್ರಮರಾಂಬ ಬಂದಳು. ಬಾಗಿಲಲ್ಲಿ ಸೆರಗು ಸಿಕ್ಕಿಸಿ ನಿಂತಳು. ಟೀ ಇಡಲಿಲ್ಲ.

ರಘುನಾಥ್ ಸ್ಪಂದನಳ ಕಡೆ ನೋಡಿ ನಕ್ಕ. “ಸೀಟು ಸಿಕ್ಕಿದ್ದು ಕೇಳಿ ಸಂತೋಷ ಆಯ್ತಮ್ಮ. ಎಷ್ಟಾದರೂ ನಮ್ಮ ಕಾಲೇಜಿನ ಮಗು. ಆಗಿದ್ದೆಲ್ಲ ಆ ಗುಮಾಸ್ತನ ತಪ್ಪು. ನೀನು ಒಂದು ದಿನ ಕಾಲೇಜಿಗೆ ಬಂದು ಪೋಷಕರ ಮುಂದೆ ಎರಡು ಮಾತು ಹೇಳಿಬಿಡು. ನಿನಗೇನು ಬೇಕೋ ಹೇಳು.”

ಸ್ಪಂದನ ಗಲ್ಲಾಪೆಟ್ಟಿಗೆ ಪಕ್ಕದ ಫೈಲಿನಿಂದ ಪ್ರವೇಶದ ಪತ್ರ ತೆಗೆದು ಅವನ ಮುಂದೆ ಚಾಚಿದಳು.

“ಇದನ್ನ ಓದಿ.”

“ನೋಡಿದೆನಮ್ಮ, ಗೊತ್ತು.”

“ಜೋರಾಗಿ ಓದಿ. ನಮ್ಮಪ್ಪ ಕೇಳ್ಬೇಕು.”

ಗಿರಾಕಿಗಳು ಇತ್ತ ತಿರುಗಿದ್ದರು. ರಘುನಾಥ್ ಸುತ್ತ ನೋಡಿದ. ಅವನಿಗೆ ಅವಳ ಎರಡು ಮಾತು ಬೇಕಿತ್ತು. ಕನ್ನಡಕ ಹಾಕಿಕೊಂಡು ಬೂಸಾ ಮೂಟೆಗಳ ನಡುವೆ ನಿಂತು ಇಂಗ್ಲಿಷಿನ ಪತ್ರವನ್ನು ಕೊನೆಯ ಸಾಲಿನವರೆಗೆ ಓದಿದ.

“ನಮ್ಮಮ್ಮಂಗೆ ಇಂಗ್ಲಿಷ್ ಬರಲ್ಲ. ಕನ್ನಡದಲ್ಲಿ ಹೇಳಿ.”

ಅವನ ಮುಖ ಕೆಂಪಾಯಿತು. “ಸ್ಪಂದನ ಅನ್ನೋ ಇವರಿಗೆ... ಗಣಿತದ ಕೋರ್ಸಿಗೆ... ಸೀಟು ಕೊಟ್ಟಿದ್ದೀವಿ ಅಂತ ಬರೆದಿದ್ದಾರೆ.”

“ಯಾರಿಗೆ ಕೊಟ್ಟವ್ರಂತೆ?” ಎಂದಳು ಭ್ರಮರಾಂಬ ಬಾಗಿಲಿನಿಂದ. “ಹಿಂಡಿ ಅಂಗಡಿ ಹುಡುಗೀಗಾ?”

ರಘುನಾಥ್ ಪತ್ರವನ್ನು ಮಡಿಸಿ ಕೊಟ್ಟ. “ಸಮಾಧಾನ ಆಯ್ತಾ? ಇನ್ನು ಬರ್ತೀಯಲ್ಲ ಕಾಲೇಜಿಗೆ?”

“ಬರಲ್ಲ” ಎಂದಳು ಸ್ಪಂದನ. “ಈ ವರ್ಷವೂ ನೀವು ಹೋಗೋ ಮನೆಗಳಿಗೆ ನಿಮಗಿಂತ ಮೊದಲು ಹೋಗಿರ್ತೀವಿ. ನಾನಿಲ್ದಿದ್ರೆ ನಮ್ಮಮ್ಮ ಹೋಯ್ತಾರೆ. ದಾರಿ ಅವರಿಗೆ ಗೊತ್ತು.”

ಅವನು ಮರುಳಪ್ಪನ ಕಡೆ ನೋಡಿದ. ಮರುಳಪ್ಪನ ಕೈಗಳು ಅಭ್ಯಾಸದಂತೆ ಮೇಲೆ ಬಂದವು. ಅರ್ಧಕ್ಕೆ ನಿಂತವು. ಪಕ್ಕದ ಮೂಟೆಯ ಬಾಯಿ ಬಿಚ್ಚಿ, “ಬಾಪ್ಪ, ನಿಂಗೆಷ್ಟು ಬೇಕು?” ಎಂದು ಗಿರಾಕಿಯನ್ನು ಕೇಳಿದ.

ಅಂದು ಸ್ಪಂದನ ವರ್ಷದಲ್ಲಿ ಮೊದಲ ಸಲ ಹೊಟ್ಟೆ ತುಂಬ ಉಂಡಳು.

ಜುಲೈ ಕೊನೆಗೆ ಹೊರಡುವ ದಿನ ಬಂತು. ಹಿಂದೂಪುರದಿಂದ ರೈಲು. ಅನಿತಾ, ಆಂಜಿನಪ್ಪ ಸ್ಟೇಷನ್ನಿಗೇ ಬಂದಿದ್ದರು. ರೈಲಿಗೆ ಇನ್ನೂ ಎರಡು ಗಂಟೆಯಿತ್ತು. ಸ್ಪಂದನ ಪೆಟ್ಟಿಗೆಯನ್ನು ಅಪ್ಪ ಅಮ್ಮನ ಹತ್ತಿರ ಬಿಟ್ಟು ಆಟೋ ಹಿಡಿದು ಹುಣಸೆಹಣ್ಣಿನ ಮಂಡಿಗೆ ಹೋದಳು. ಪೋತಪ್ಪ ಅಲ್ಲಿ ಕೆಲಸ ಮಾಡುತ್ತಾನೆಂದು ಕೇಳಿದ್ದಳು.

ಶೆಡ್ಡಿನಲ್ಲಿ ಹುಣಸೆಯ ಹುಳಿ ವಾಸನೆ ಮೂಗಿಗೆ ಅಡರುತ್ತಿತ್ತು. ಪೋತಪ್ಪ ಗೋಣಿಚೀಲಗಳ ಮೇಲೆ ಬ್ರಷ್ಷಿನಿಂದ ಕಪ್ಪು ಬಣ್ಣದಲ್ಲಿ ನಂಬರ್ ಬರೆಯುತ್ತಿದ್ದ. ಅಕ್ಷರ ಈಗಲೂ ಚೆಂದ. ಅಂಗಿ ಬೆವರಿಗೆ ಅಂಟಿತ್ತು. ಅವಳನ್ನು ನೋಡಿ ಬ್ರಷ್ ನಿಲ್ಲಿಸಿದ.

“ನಾನು ಇವತ್ತು ಹೋಯ್ತಿದೀನಿ ಪೋತಪ್ಪಣ್ಣ. ನಿಮ್ಮ ಹತ್ರ ಒಂದು ಮಾತು ಹೇಳ್ಬೇಕಾಗಿತ್ತು. ನಾನು ಭಾಷೆ ತಪ್ಪಿದೆ.”

“ತಪ್ಪಿದೆ” ಎಂದ ಪೋತಪ್ಪ.

“ಅವನನ್ನ ಹಾಗೇ ಬಿಡಕ್ಕೆ ನನ್ನ ಕೈಲಾಗ್ಲಿಲ್ಲ.”

“ಅದು ನಿನ್ನ ಜಗಳ ಕಣಮ್ಮ. ನಾನು ಬರೆದುಕೊಟ್ಟಿದ್ದು ನನ್ನ ಮನಸ್ಸಿನ ಭಾರ ಇಳೀಲಿ ಅಂತ. ನೀನು ಅದನ್ನ ಕಲ್ಲು ಮಾಡ್ಕಂಡು ಹೊಡೆದೆ. ಅವನಿಗೂ ಬಿತ್ತು, ನನಗೂ ಬಿತ್ತು.” ಬ್ರಷ್ಷನ್ನು ಡಬ್ಬಿಯಲ್ಲಿ ಅದ್ದಿದ. “ಅವನು ಕೆಟ್ಟಿದ್ದಕ್ಕೆ ನನಗೆ ಬೇಜಾರಿಲ್ಲ. ನೀನು ಮಾಡಿದ್ದು ಸರಿ ಅಂತ ನನ್ನ ಬಾಯಲ್ಲಿ ಹೇಳಿಸ್ಬೇಕು ಅಂತ ಬಂದಿದ್ರೆ, ಹೇಳಲ್ಲ.”

“ಕ್ಷಮಿಸಿದೀನಿ ಅಂತಾದ್ರೂ...”

“ಅದನ್ನೂ ಹೇಳಲ್ಲ. ಹೋಗಮ್ಮ, ರೈಲಿಗೆ ಹೊತ್ತಾಗ್ತದೆ.”

ಅವನು ಮುಂದಿನ ಚೀಲಕ್ಕೆ ಬಗ್ಗಿದ. ಸ್ಪಂದನ ತನ್ನ ಮನಸ್ಸನ್ನು ತಾನೇ ಕೆದಕಿ ನೋಡಿಕೊಂಡಳು. ರಘುನಾಥನ ಬಗ್ಗೆ ಅಲ್ಲಿ ಒಂದು ಹನಿ ಮರುಕವೂ ಇರಲಿಲ್ಲ, ಇವತ್ತೂ ಇಲ್ಲ. ಈ ಮನುಷ್ಯನ ಬೆನ್ನು ನೋಡುವುದು ಮಾತ್ರ ಆಗುತ್ತಿರಲಿಲ್ಲ. ಅವಳು ಹೊರಗೆ ಬಂದು ಆಟೋ ಹತ್ತಿದಳು.

ಪ್ಲಾಟ್‌ಫಾರ್ಮಿನಲ್ಲಿ ಮರುಳಪ್ಪ ಕಾಯುತ್ತಿದ್ದ. “ಏನಂದ ಪೋತಪ್ಪ?”

“ಒಳ್ಳೇದಾಗ್ಲಿ, ಚೆನ್ನಾಗಿ ಓದು ಅಂದ್ರಪ್ಪ.”

“ಒಳ್ಳೇ ಮನುಷ್ಯ” ಎಂದು ಮರುಳಪ್ಪ ಸಮಾಧಾನದಿಂದ ತಲೆಯಾಡಿಸಿದ. ಭ್ರಮರಾಂಬ ಮಾತ್ರ ಮಗಳ ಮುಖವನ್ನು ಒಂದು ಕ್ಷಣ ನೋಡಿ, ಬುತ್ತಿಯ ಗಂಟನ್ನು ಅವಳ ಕೈಗೆ ಕೊಟ್ಟಳು.

ರೈಲು ಬಂತು. ಅನಿತಾ ಮೊದಲು ಹತ್ತಿ ಕಿಟಕಿ ಪಕ್ಕದ ಜಾಗ ಹಿಡಿದು, “ಅಕ್ಕ, ಇಲ್ಲಿ ಬನ್ನಿ” ಎಂದು ಕರೆದಳು. ಸ್ಪಂದನ ಪೆಟ್ಟಿಗೆ ಎತ್ತಿಕೊಂಡು ಒಳಗೆ ಹೋದಳು.